ಲೀಗಲ್ ಇಂಗ್ಲಿಷ್ ಆನ್‌ಲೈನ್ ಕೋರ್ಸ್: ಅರ್ಧಕ್ಕೆ ಬಿಡದೆ ಕಲಿಯುವ ಕ್ರಮ

ಲೀಗಲ್ ಇಂಗ್ಲಿಷ್ ಕೋರ್ಸ್ ಸೇರಿದವರಲ್ಲಿ ಜಾಸ್ತಿ ಜನ ಒಂದೇ ಜಾಗದಲ್ಲಿ ಮುಗ್ಗರಿಸುತ್ತಾರೆ. ಮೊದಲ ವಾರ ವಿಡಿಯೊಗಳನ್ನು ಒಂದರ ಹಿಂದೆ ಒಂದು ನೋಡಿ ಮುಗಿಸುತ್ತಾರೆ. ಎರಡನೇ ವಾರ ಲ್ಯಾಟಿನ್ ಪದಗಳ ಪಟ್ಟಿ ಮಾಡಿಕೊಳ್ಳುತ್ತಾರೆ. ಆಮೇಲೆ ನಿಜವಾದ ಒಂದು ಕರಾರುಪತ್ರ ಕೈಗೆ ಬಂದರೆ ಮೂರನೇ ಸಾಲಿಗೇ ತಲೆ ಗಿರ್ ಅನ್ನುತ್ತದೆ. ಪದಗಳೆಲ್ಲ ಗೊತ್ತು, ವಾಕ್ಯ ಏನು ಹೇಳುತ್ತಿದೆ ಅನ್ನೋದು ಮಾತ್ರ ಗೊತ್ತಾಗುವುದಿಲ್ಲ.

ತೊಂದರೆ ಇರುವುದು ಕಲಿಯುವ ಕ್ರಮದಲ್ಲಿ. ಪದದಿಂದ ಶುರು ಮಾಡಿದವರಿಗೆ ವಾಕ್ಯ ಕೈಗೆ ಹತ್ತುವುದಿಲ್ಲ. ವಾಕ್ಯ ಬಿಡಿಸುವುದನ್ನು ಮೊದಲು ಕಲಿತವರಿಗೆ ಪದ ಜೊತೆಜೊತೆಗೇ ಬರುತ್ತದೆ. ಕೆಳಗಿನ ಹಂತಗಳು ಅದೇ ಕ್ರಮದಲ್ಲಿವೆ. ಹಾರಿಸಬೇಡಿ, ಅದರಲ್ಲೂ 4 ಮತ್ತು 5ನೇ ಹಂತವನ್ನು.

ಇನ್ನೊಂದು ಮಾತು. ಇದು ಭಾಷೆಯ ಕೋರ್ಸ್, ಕಾನೂನಿನ ಕೋರ್ಸ್ ಅಲ್ಲ. ಕರಾರನ್ನು ಓದಿ ಅರ್ಥ ಮಾಡಿಕೊಳ್ಳಲು ಬಂದ ಮಾತ್ರಕ್ಕೆ ಬೇರೆಯವರಿಗೆ ಕಾನೂನು ಸಲಹೆ ಕೊಡುವ ಅರ್ಹತೆ ಬರುವುದಿಲ್ಲ.

ಹಂತ 1: ನಿಮ್ಮ ಮಟ್ಟ ಎಷ್ಟು ಅಂತ ನೋಡಿಕೊಳ್ಳಿ

ಸಾಮಾನ್ಯ ಇಂಗ್ಲಿಷ್ ಗಟ್ಟಿಯಿಲ್ಲದೆ ಲೀಗಲ್ ಇಂಗ್ಲಿಷ್‌ಗೆ ಕೈ ಹಾಕಿದರೆ ದುಡ್ಡೂ ದಂಡ, ಸಮಯವೂ ದಂಡ. ಭಾಷೆ ಎಷ್ಟು ಬರುತ್ತದೆ ಅಂತ ಅಳೆಯುವ ಯುರೋಪಿನ ಸಿಇಎಫ್‌ಆರ್ ಅಳತೆಯಲ್ಲಿ ಎ1ರಿಂದ (ಹೊಸಬರು) ಸಿ2ರವರೆಗೆ (ಪರಿಣತರು) ಆರು ಮಟ್ಟಗಳಿವೆ. ಬಿ2 ಹತ್ತಿರ ಇದ್ದರೆ ಧೈರ್ಯವಾಗಿ ಸೇರಬಹುದು. ಬಿ1ರಲ್ಲಿ ಇದ್ದರೆ ತಳಹದಿ ಮಟ್ಟದ ಕೋರ್ಸ್ ಹುಡುಕಿ. ಅದಕ್ಕಿಂತ ಕೆಳಗಿದ್ದರೆ ಮೊದಲು ಸಾಮಾನ್ಯ ಇಂಗ್ಲಿಷ್ ಸರಿ ಮಾಡಿಕೊಳ್ಳಿ.

ಆನ್‌ಲೈನ್ ಪರೀಕ್ಷೆ ಬೇಡ ಅನ್ನುವವರಿಗೆ ಒಂದು ಸುಲಭ ದಾರಿ ಇದೆ. ಇಂಗ್ಲಿಷ್ ಪತ್ರಿಕೆಯ ಒಂದು ಸಂಪಾದಕೀಯವನ್ನು ಡಿಕ್ಷನರಿ ಮುಟ್ಟದೆ ಓದಿ. ಮುಚ್ಚಿಟ್ಟು, ಅದರ ಸಾರವನ್ನು ಇಂಗ್ಲಿಷಿನಲ್ಲೇ ಹತ್ತು ಸಾಲಿನಲ್ಲಿ ಬರೆಯಿರಿ. ಬರೆಯಲು ಆಯಿತು, ಆದರೆ ಅಲ್ಲಲ್ಲಿ ವ್ಯಾಕರಣ ತಪ್ಪಿತು ಅಂದರೆ ಪರವಾಗಿಲ್ಲ. ಓದಿದ್ದು ಏನು ಅಂತಲೇ ಹಿಡಿಯಲು ಆಗಲಿಲ್ಲ ಅಂದರೆ ಈಗಲೇ ಸೇರಬೇಡಿ.

ಹಂತ 2: ಕೋರ್ಸ್ ಆರಿಸುವುದು

ಮೊದಲು ನಿಮಗೆ ಬೇಕಾದ್ದೇನು ಅಂತ ಒಂದೇ ವಾಕ್ಯದಲ್ಲಿ ಬರೆಯಿರಿ. ಕಂಪನಿಯಲ್ಲಿ ಕರಾರು ಓದಬೇಕಾ? ಕೋರ್ಟ್ ದಾಖಲೆ ಅನುವಾದ ಮಾಡಬೇಕಾ? ವಿದೇಶದಲ್ಲಿ ಎಲ್‌ಎಲ್‌ಎಂ (ಕಾನೂನಿನ ಸ್ನಾತಕೋತ್ತರ ಪದವಿ) ಮಾಡಬೇಕಾ? ಮೂರಕ್ಕೂ ಬೇರೆ ಬೇರೆ ಪಾಠ ಬೇಕು. ಎಲ್ಲವನ್ನೂ ಒಂದರಲ್ಲೇ ಕೊಡುತ್ತೇವೆ ಅನ್ನುವ ಕೋರ್ಸ್ ಸಾಮಾನ್ಯವಾಗಿ ಎಲ್ಲವನ್ನೂ ಮೇಲೆ ಮೇಲೆ ಮುಟ್ಟಿ ಬಿಟ್ಟಿರುತ್ತದೆ.

ಆಮೇಲೆ ಪಠ್ಯಕ್ರಮ ತೆಗೆದು ನಾಲ್ಕು ವಿಷಯ ನೋಡಿ.

ಮೊದಲನೆಯದು, ನೀವು ಬರೆದದ್ದನ್ನು ಯಾರಾದರೂ ತಿದ್ದುತ್ತಾರಾ? ಇದೇ ಎಲ್ಲಕ್ಕಿಂತ ಮುಖ್ಯ. ಬರೀ ಬಹು ಆಯ್ಕೆ ಪ್ರಶ್ನೆಗಳಿರುವ ಕೋರ್ಸ್‌ನಲ್ಲಿ ನೂರಕ್ಕೆ ತೊಂಬತ್ತು ಅಂಕ ತೆಗೆದು, ಒಂದು ನೋಟಿಸ್ ಬರೆಯಲು ಬಾರದವರು ಬೇಕಾದಷ್ಟು ಜನ ಇದ್ದಾರೆ. ದೊಡ್ಡ ವೇದಿಕೆಗಳಲ್ಲಿ ಕೆಲವು ಕೋರ್ಸ್‌ಗಳನ್ನು ಆಡಿಟ್ ಅಂತ ಉಚಿತವಾಗಿ ನೋಡಲು ಬಿಡುತ್ತಾರೆ. ಆದರೆ ತಿದ್ದಿಸಿಕೊಳ್ಳುವ ಅಸೈನ್‌ಮೆಂಟ್‌ಗಳು ಬಹಳ ಸಲ ಹಣ ಕಟ್ಟಿದವರಿಗೆ ಮಾತ್ರ. ಸೇರುವ ಮುಂಚೆ ಇದನ್ನು ಖಚಿತ ಮಾಡಿಕೊಳ್ಳಿ.

ಎರಡನೆಯದು, ಯಾವ ದೇಶದ ಇಂಗ್ಲಿಷ್? ದಾವೆ ಹೂಡುವವರನ್ನು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1999ರ ಹೊಸ ಸಿವಿಲ್ ನಿಯಮಗಳ ನಂತರ 'ಕ್ಲೇಮೆಂಟ್' ಅನ್ನುತ್ತಾರೆ. ಭಾರತದಲ್ಲಿ, ಅಮೆರಿಕದಲ್ಲಿ ಈಗಲೂ 'ಪ್ಲೇಂಟಿಫ್'. ವಕೀಲರನ್ನು ಸಾಲಿಸಿಟರ್, ಬ್ಯಾರಿಸ್ಟರ್ ಅಂತ ಇಂಗ್ಲೆಂಡ್ ಎರಡು ಮಾಡಿದ್ದನ್ನು ಅಮೆರಿಕ ಅಟಾರ್ನಿ ಅಂತ ಒಂದೇ ಮಾಡಿದೆ. ಎರಡನ್ನೂ ಕಲಿಯಬಹುದು, ಆದರೆ ಒಟ್ಟಿಗೆ ಶುರು ಮಾಡಬೇಡಿ. ಒಂದನ್ನು ಹಿಡಿಯಿರಿ, ವ್ಯತ್ಯಾಸವನ್ನು ಪುಸ್ತಕದ ಅಂಚಿನಲ್ಲಿ ಬರೆದುಕೊಳ್ಳುತ್ತಾ ಹೋಗಿ.

ಮೂರನೆಯದು, ಪರೀಕ್ಷೆ. ಲೀಗಲ್ ಇಂಗ್ಲಿಷ್‌ಗೇ ಅಂತ ಟೋಲ್ಸ್ ಎಂಬ ಪರೀಕ್ಷೆ ಇದೆ. ಅದರಲ್ಲಿ ಫೌಂಡೇಶನ್, ಹೈಯರ್, ಅಡ್ವಾನ್ಸ್‌ಡ್ ಅಂತ ಮೂರು ಮಟ್ಟ. ಕೇಂಬ್ರಿಡ್ಜ್‌ನವರ ಇಂಥದೇ ಐಎಲ್‌ಇಸಿ ಪರೀಕ್ಷೆ 2016ರಲ್ಲೇ ನಿಂತುಹೋಗಿದೆ. ಇವತ್ತೂ ಯಾರಾದರೂ ಐಎಲ್‌ಇಸಿಗೆ ತಯಾರಿ ಮಾಡಿಸುತ್ತೇವೆ ಅಂದರೆ ಅವರ ಪಾಠವೂ ಅಷ್ಟೇ ಹಳೆಯದು ಅಂತ ತಿಳಿಯಿರಿ. ಅದರ ಹಳೆಯ ಅಭ್ಯಾಸ ಪುಸ್ತಕಗಳು ಸಿಕ್ಕರೆ ಮಾತ್ರ ಬಿಡಬೇಡಿ, ವ್ಯಾಯಾಮಕ್ಕೆ ಚೆನ್ನಾಗಿವೆ.

ನಾಲ್ಕನೆಯದು, ಮಾದರಿ ಪಾಠ. ಒಂದು ಪಾಠವನ್ನೂ ತೋರಿಸದೆ ಹಣ ಕೇಳಿದರೆ ಮುಂದೆ ಹೋಗಿ.

ಎಚ್ಚರಿಕೆಯ ಗುರುತುಗಳು: '30 ದಿನದಲ್ಲಿ ಲೀಗಲ್ ಇಂಗ್ಲಿಷ್' ಅನ್ನುವ ಭರವಸೆ, ಪಠ್ಯಕ್ರಮದ ಬದಲು ಪದಗಳ ಪಟ್ಟಿ, 'ಇವತ್ತು ರಾತ್ರಿಗೆ ಆಫರ್ ಮುಗಿಯುತ್ತದೆ' ಅಂತ ದಿನಾ ಓಡುವ ಗಡಿಯಾರ.

ಹಂತ 3: ಮೇಜಿನ ಮೇಲೆ ಏನೇನು ಇರಬೇಕು

ಜಾಸ್ತಿ ಏನೂ ಬೇಡ. ಒಂದು ಸಾಮಾನ್ಯ ಇಂಗ್ಲಿಷ್ ಡಿಕ್ಷನರಿ, ಒಂದು ಲೀಗಲ್ ಡಿಕ್ಷನರಿ, ಎರಡು ಬಣ್ಣದ ಪೆನ್ನು, ತಪ್ಪು ಬರೆದಿಡಲು ಒಂದು ನೋಟ್‌ಬುಕ್. ಪದಗಳಿಗೆ ಆಂಕಿಯಂಥ ಫ್ಲ್ಯಾಶ್‌ಕಾರ್ಡ್ ಆ್ಯಪ್.

ಇವುಗಳ ಜೊತೆ ಒಂದು ನಿಜವಾದ ಕರಾರುಪತ್ರ ಬೇಕೇ ಬೇಕು. ಕೋರ್ಸ್‌ನ ಮಾದರಿಗಳು ಪಾಠಕ್ಕೆ ತಕ್ಕ ಹಾಗೆ ನಯ ಮಾಡಿದವು. ನಿಜವಾದವು ಹಾಗಿರುವುದಿಲ್ಲ. ಅಮೆರಿಕದ ಷೇರು ಮಾರುಕಟ್ಟೆ ನಿಯಂತ್ರಕ ಎಸ್‌ಇಸಿಯ ಎಡ್ಗರ್ ಜಾಲತಾಣದಲ್ಲಿ ಕಂಪನಿಗಳು ತಮ್ಮ ಮುಖ್ಯ ಕರಾರುಗಳನ್ನು ಸಲ್ಲಿಸಿರುತ್ತವೆ. 'ಎಕ್ಸಿಬಿಟ್ 10' ಅಂತ ಶುರುವಾಗುವ ಫೈಲ್‌ಗಳಲ್ಲಿ ಹುಡುಕಿ. ಯಾರು ಬೇಕಾದರೂ ಉಚಿತವಾಗಿ ಓದಬಹುದು. ಹತ್ತು ಹದಿನೈದು ಪುಟದ ಒಂದು ಪೂರೈಕೆ ಒಪ್ಪಂದವೋ ಸೇವಾ ಒಪ್ಪಂದವೋ ಆರಿಸಿ ಪ್ರಿಂಟ್ ತೆಗೆದುಕೊಳ್ಳಿ. ಕೋರ್ಸ್ ಮುಗಿಯುವವರೆಗೂ ಅದೇ ನಿಮ್ಮ ಪ್ರಯೋಗಶಾಲೆ.

ಸಮಯದ ಲೆಕ್ಕ ಹೀಗಿರಲಿ: ವಾರಕ್ಕೆ ಐದು ದಿನ, ದಿನಕ್ಕೆ 45 ನಿಮಿಷ. ಅದರಲ್ಲಿ 15 ನಿಮಿಷ ಪಾಠ ನೋಡಲು, 30 ನಿಮಿಷ ನೀವೇ ಓದಿ ಬರೆಯಲು. ಭಾನುವಾರ ಒಂದೇ ಸಲ ನಾಲ್ಕು ಗಂಟೆ ಕೂತುಬಿಡುತ್ತೇನೆ ಅನ್ನುವ ಲೆಕ್ಕ ಭಾಷೆಯ ವಿಷಯದಲ್ಲಿ ನಡೆಯುವುದಿಲ್ಲ.

ಹಂತ 4: ವಾಕ್ಯ ಬಿಡಿಸುವುದು

ಕೋರ್ಸ್ ಮೊದಲ ವಾರ ಏನನ್ನೇ ಕಲಿಸಲಿ, ನಿಮ್ಮ ಸ್ವಂತ ಅಭ್ಯಾಸ ಇಲ್ಲಿಂದ ಶುರುವಾಗಲಿ. ಕರಾರಿನ ಒಂದು ಕಲಮು (ಇಂಗ್ಲಿಷಿನಲ್ಲಿ clause, ಕೆಳಗೆ 'ಕ್ಲಾಸ್' ಅಂತ ಬರೆದದ್ದು ಇದೇ) ತೆಗೆದುಕೊಳ್ಳೋಣ:

'ಸಬ್ಜೆಕ್ಟ್ ಟು ಕ್ಲಾಸ್ 9, ದಿ ಸಪ್ಲೈಯರ್ ಶಲ್, ವಿದಿನ್ 14 ಡೇಸ್ ಆಫ್ ರಿಸೀಟ್ ಆಫ್ ದಿ ನೋಟಿಸ್, ರಿಪ್ಲೇಸ್ ಎನಿ ಡಿಫೆಕ್ಟಿವ್ ಗೂಡ್ಸ್, ಪ್ರೊವೈಡೆಡ್ ದಟ್ ದಿ ಬೈಯರ್ ಹ್ಯಾಸ್ ಪೇಯ್ಡ್ ದಿ ಪ್ರೈಸ್ ಇನ್ ಫುಲ್.'

ಎಡದಿಂದ ಬಲಕ್ಕೆ ಓದುತ್ತಾ ಅರ್ಥ ಮಾಡಿಕೊಳ್ಳಲು ಹೋಗಬೇಡಿ. ಈ ಕ್ರಮ ಹಿಡಿಯಿರಿ.

1. ಶಲ್, ಮಸ್ಟ್, ಮೇ, ವಿಲ್ ಎಲ್ಲಿದೆ ಹುಡುಕಿ, ಗುಂಡು ಸುತ್ತಿ. ಇಲ್ಲಿ 'ಶಲ್'.

2. ಅದರ ಹಿಂದೆ ನೋಡಿ. ಯಾರು? 'ಸಪ್ಲೈಯರ್'.

3. ಅದರ ಮುಂದೆ ಮುಖ್ಯ ಕ್ರಿಯಾಪದ ಹುಡುಕಿ. ಎಡವುವುದು ಇಲ್ಲೇ. 'ಶಲ್' ಆದ ಕೂಡಲೇ ಕ್ರಿಯಾಪದ ಬರಲಿಲ್ಲ, ನಡುವೆ ದಿನಗಳ ಲೆಕ್ಕ ತೂರಿಕೊಂಡಿದೆ. ಅದನ್ನು ದಾಟಿದರೆ 'ರಿಪ್ಲೇಸ್' ಸಿಗುತ್ತದೆ. ಏನನ್ನು? 'ಡಿಫೆಕ್ಟಿವ್ ಗೂಡ್ಸ್'.

4. ಈಗ ಬೆನ್ನೆಲುಬು ಸಿಕ್ಕಿತು: ಪೂರೈಕೆದಾರ ದೋಷವಿರುವ ಸರಕು ಬದಲಾಯಿಸಬೇಕು. ಅದರ ಕೆಳಗೆ ಗೆರೆ ಎಳೆಯಿರಿ.

5. ಉಳಿದ ತುಂಡುಗಳಿಗೆ ಎರಡನೇ ಬಣ್ಣದಲ್ಲಿ ಚೌಕ ಹಾಕಿ, ಪಕ್ಕದಲ್ಲಿ ಹೆಸರು ಬರೆಯಿರಿ. 'ವಿದಿನ್ 14 ಡೇಸ್' ಕಾಲಮಿತಿ. 'ಪ್ರೊವೈಡೆಡ್ ದಟ್' ಷರತ್ತು. 'ಸಬ್ಜೆಕ್ಟ್ ಟು' ಅಂದರೆ ಇನ್ನೊಂದು ಕಲಮು ಇದಕ್ಕಿಂತ ಮೇಲು.

6. ಕೊನೆಗೆ ಕನ್ನಡದಲ್ಲಿ ಹೇಳಿ: 'ಖರೀದಿದಾರ ಪೂರ್ತಿ ಹಣ ಕೊಟ್ಟಿದ್ದರೆ, ನೋಟಿಸ್ ಕೈಸೇರಿದ 14 ದಿನದೊಳಗೆ, ದೋಷವಿರುವ ಸರಕನ್ನು ಪೂರೈಕೆದಾರ ಬದಲಾಯಿಸಿ ಕೊಡಬೇಕು. 9ನೇ ಕಲಮು ಬೇರೆ ಏನಾದರೂ ಹೇಳಿದರೆ ಅದೇ ನಡೆಯುತ್ತದೆ.'

ಗಮನಿಸಿ, ಕನ್ನಡದಲ್ಲಿ ಹೇಳುವಾಗ ಕೊನೆಯಲ್ಲಿದ್ದ ಷರತ್ತು ಮೊದಲಿಗೆ ಬಂತು, ಕ್ರಿಯಾಪದ ಕೊನೆಗೆ ಹೋಯಿತು. ಕನ್ನಡದ ಕ್ರಮವೇ ಹಾಗೆ. ಇಂಗ್ಲಿಷ್ ಕ್ರಮದಲ್ಲೇ ಕನ್ನಡ ಹೇಳಿದರೆ ನಿಮಗೂ ಅರ್ಥವಾಗಲ್ಲ, ಕೇಳುವವರಿಗೂ ಅರ್ಥವಾಗಲ್ಲ. ಹೀಗೆ ತಿರುಗಿಸಿ ಹೇಳಲು ಬಂತು ಅಂದರೆ ವಾಕ್ಯ ನಿಜವಾಗಿ ಹಿಡಿತಕ್ಕೆ ಬಂದಿದೆ.

ದಿನಕ್ಕೆ ಮೂರು ಕಲಮು ಸಾಕು. ಎರಡು ವಾರ ಇದನ್ನೇ ಮಾಡಿ. ಬೇಜಾರಾಗುತ್ತದೆ, ಆಗಲಿ.

ಇದೇ ಹಂತದಲ್ಲಿ ಮೂರು ಜೋಡಣೆ ಪದಗಳನ್ನು ಗಟ್ಟಿ ಮಾಡಿಕೊಳ್ಳಿ, ಏಕೆಂದರೆ ಇವು ಕಲಮುಗಳ ನಡುವೆ ಯಾವುದು ದೊಡ್ಡದು ಅಂತ ಹೇಳುತ್ತವೆ. 'ಸಬ್ಜೆಕ್ಟ್ ಟು ಕ್ಲಾಸ್ 9' ಅಂದರೆ 9 ಗೆಲ್ಲುತ್ತದೆ. 'ನಾಟ್‌ವಿತ್‌ಸ್ಟ್ಯಾಂಡಿಂಗ್ ಕ್ಲಾಸ್ 9' ಅಂದರೆ ನೇರ ಉಲ್ಟಾ, 9 ಏನೇ ಹೇಳಲಿ ಈ ಕಲಮು ಗೆಲ್ಲುತ್ತದೆ. 'ವಿದೌಟ್ ಪ್ರಿಜುಡಿಸ್ ಟು ಕ್ಲಾಸ್ 9' ಅಂದರೆ ಎರಡೂ ಉಳಿಯುತ್ತವೆ, ಇದರಿಂದ 9ಕ್ಕೆ ಧಕ್ಕೆ ಇಲ್ಲ. ಮೊದಲ ಎರಡನ್ನು ಅದಲು ಬದಲು ಮಾಡಿಕೊಂಡರೆ ಇಡೀ ಕರಾರಿನ ಅರ್ಥ ತಲೆಕೆಳಗಾಗುತ್ತದೆ. ಇದನ್ನು ಅದಲು ಬದಲು ಮಾಡಿಕೊಳ್ಳುವವರು ನೀವಂದುಕೊಂಡದ್ದಕ್ಕಿಂತ ಜಾಸ್ತಿ.

ಹಂತ 5: ಸಣ್ಣ ಪದ, ದೊಡ್ಡ ಹೊಣೆ

'ಇಂಟರ್ ಏಲಿಯಾ' (ಇತರ ವಿಷಯಗಳ ಜೊತೆಗೆ ಅನ್ನುವ ಲ್ಯಾಟಿನ್ ಪದ) ಗೊತ್ತಿಲ್ಲದಿದ್ದರೆ ಡಿಕ್ಷನರಿ ಇದೆ. 'ಮೇ' ಮತ್ತು 'ಶಲ್' ಗೊತ್ತು ಅಂದುಕೊಂಡು ಯಾರೂ ಡಿಕ್ಷನರಿ ತೆಗೆಯುವುದಿಲ್ಲ. ಜನ ಸಿಕ್ಕಿಬೀಳುವುದು ಇಲ್ಲೇ.

ಕರಾರಿನಲ್ಲಿ 'ಶಲ್' ಅಂದರೆ ಸಾಮಾನ್ಯವಾಗಿ 'ಮಾಡಲೇಬೇಕು'. ಶಾಲೆಯಲ್ಲಿ ಕಲಿತ ಭವಿಷ್ಯತ್ ಕಾಲ ಅಲ್ಲ. ಆದರೆ ಹಳೆಯ ಕಾಯಿದೆಗಳಲ್ಲಿ ಇದನ್ನು ಎಲ್ಲದಕ್ಕೂ ಬಳಸಿದ್ದಾರೆ, ಹಾಗಾಗಿ ಪ್ರತಿ ಸಲ 'ಇಲ್ಲಿ ಯಾರ ಮೇಲಾದರೂ ಕರ್ತವ್ಯ ಹೊರಿಸಿದೆಯಾ?' ಅಂತ ಕೇಳಿಕೊಳ್ಳಿ. ಈ ಗೊಂದಲ ಬೇಡವೆಂದೇ ಬ್ರಿಟನ್ನಿನ ಕಾಯಿದೆ ಬರೆಯುವವರು ಈಗ ಸಾಧ್ಯವಾದಷ್ಟು 'ಮಸ್ಟ್' ಬಳಸುತ್ತಾರೆ. 'ಮೇ' ಅಂದರೆ ಮಾಡುವ ಹಕ್ಕಿದೆ, ಮಾಡಲೇಬೇಕು ಅಂತಿಲ್ಲ. 'ಮೇ ನಾಟ್' ಜಾರು ನೆಲ: ಮಾಡಬಾರದು ಅಂತಲೂ ಓದಬಹುದು, ಮಾಡದೇ ಇರಬಹುದು ಅಂತಲೂ ಓದಬಹುದು. ನೀವು ಬರೆಯುವಾಗ 'ಮಸ್ಟ್ ನಾಟ್' ಬರೆಯಿರಿ.

ದಿನದ ಲೆಕ್ಕದಲ್ಲೂ ಹುಷಾರು. ಹದಿನಾಲ್ಕು ದಿನ ಅಂದರೆ ಎಲ್ಲಿಂದ ಎಣಿಸಬೇಕು, ನೋಟಿಸ್ ಕಳಿಸಿದ ದಿನದಿಂದಲೋ ಕೈಸೇರಿದ ದಿನದಿಂದಲೋ? ರಜಾದಿನ ಸೇರುತ್ತದಾ? 'ಡೇ' ಬೇರೆ, 'ಬಿಸಿನೆಸ್ ಡೇ' ಬೇರೆ. ಡೆಫಿನಿಷನ್ ಭಾಗಕ್ಕೆ ಹೋಗಿ ನೋಡುವ ಅಭ್ಯಾಸ ಈಗಿನಿಂದಲೇ ಬರಲಿ. ದೊಡ್ಡ ಅಕ್ಷರದಿಂದ ಶುರುವಾದ ಪದ ವಾಕ್ಯದ ನಡುವೆ ಕಂಡರೆ, ಅದರ ಅರ್ಥವನ್ನು ಎಲ್ಲೋ ಒಂದು ಕಡೆ ಬರೆದಿಟ್ಟಿದ್ದಾರೆ ಅಂತ ಅರ್ಥ.

ಇನ್ನು ಅಲ್ಪವಿರಾಮ. ಅಮೆರಿಕದ ಮೇಯ್ನ್ ರಾಜ್ಯದ ಕಾನೂನಿನಲ್ಲಿ ಯಾವ ಯಾವ ಕೆಲಸಕ್ಕೆ ಓವರ್‌ಟೈಮ್ ಕೊಡಬೇಕಿಲ್ಲ ಅಂತ ಒಂದು ಪಟ್ಟಿ ಇತ್ತು. ಅದರ ಕೊನೆಯಲ್ಲಿ 'ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್' ಅಂತಿತ್ತು. 'ಆರ್' ಮುಂಚೆ ಅಲ್ಪವಿರಾಮ ಇರಲಿಲ್ಲ. ಹಾಗಾದರೆ ವಿತರಣೆಯೂ ಪಟ್ಟಿಯ ಒಂದು ಪ್ರತ್ಯೇಕ ಕೆಲಸವೋ, ಇಲ್ಲಾ ವಿತರಣೆಗಾಗಿ ಪ್ಯಾಕ್ ಮಾಡುವುದು ಮಾತ್ರವೋ? ಓಕ್‌ಹರ್ಸ್ಟ್ ಡೈರಿಯ ಲಾರಿ ಚಾಲಕರು ವಿತರಣೆ ಮಾಡುತ್ತಿದ್ದರು, ಪ್ಯಾಕ್ ಮಾಡುತ್ತಿರಲಿಲ್ಲ. ವಾಕ್ಯ ಅಸ್ಪಷ್ಟ ಅಂತ 2017ರಲ್ಲಿ ಫೆಡರಲ್ ಮೇಲ್ಮನವಿ ಕೋರ್ಟ್ ಚಾಲಕರ ಕಡೆ ತೀರ್ಪು ಕೊಟ್ಟಿತು. 2018ರಲ್ಲಿ ಡೈರಿ 50 ಲಕ್ಷ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಕೋರ್ಸ್‌ನಲ್ಲಿ ಪಂಕ್ಚುಯೇಶನ್ ಪಾಠ ಬಂದಾಗ ಸುಮ್ನೆ ಸ್ಕಿಪ್ ಒತ್ತುವವರು ಈ ಪ್ರಕರಣ ಒಮ್ಮೆ ಓದಿ.

ಹಂತ 6: ಈಗ ಪದಗಳು

ಪದಗಳನ್ನು ಮೂರು ಗುಂಪು ಮಾಡಿ. ಮೂರಕ್ಕೂ ಒಂದೇ ಶ್ರಮ ಹಾಕಬೇಡಿ.

ಮೊದಲ ಗುಂಪು, ನೋಡಲು ಪರಿಚಿತ, ಒಳಗೆ ಬೇರೆ. 'ಕನ್ಸಿಡರೇಷನ್' ಕರಾರಿನಲ್ಲಿ ಪರಿಗಣನೆ ಅಲ್ಲ, ಪ್ರತಿಫಲ. 'ಇನ್‌ಸ್ಟ್ರುಮೆಂಟ್' ಅಂದರೆ ದಸ್ತಾವೇಜು. ದಾಖಲೆಯನ್ನು 'ಎಕ್ಸಿಕ್ಯೂಟ್' ಮಾಡುವುದು ಅಂದರೆ ಸಹಿ ಹಾಕಿ ಜಾರಿಗೆ ತರುವುದು. 'ಡ್ಯಾಮೇಜ್' ಆದ ಹಾನಿ, 'ಡ್ಯಾಮೇಜಸ್' ಆ ಹಾನಿಗೆ ಕೋರ್ಟ್ ಕೊಡಿಸುವ ಹಣ. 'ಪ್ರೇಯರ್' ಅಂದರೆ ಕೋರ್ಟ್ ಮುಂದೆ ಇಡುವ ಕೋರಿಕೆ. ಶ್ರಮದ ದೊಡ್ಡ ಪಾಲು ಈ ಗುಂಪಿಗೆ ಹೋಗಲಿ. ಮೆಷಿನ್ ಅನುವಾದ ಕೂಡ ಮುಗ್ಗರಿಸುವುದು ಇದರಲ್ಲೇ.

ಎರಡನೇ ಗುಂಪು, ಕಾನೂನಿನದೇ ಪದಗಳು: ಲೀನ್, ಎಸ್ಟಾಪಲ್, ನೊವೇಶನ್, ಇಂಡೆಮ್ನಿಟಿ. ಇವುಗಳಿಗೆ ಒಂದು ಸಾಲಿನ ಅರ್ಥ ಸಾಲದು, ಒಂದು ಸಣ್ಣ ಸಂದರ್ಭ ಬೇಕು. ನೊವೇಶನ್ ಅಂದರೆ ಹಳೆಯ ಕರಾರಿನ ಜಾಗಕ್ಕೆ ಹೊಸ ಕರಾರು ಬರುವುದು, ಸಾಮಾನ್ಯವಾಗಿ ಒಬ್ಬ ಪಕ್ಷಗಾರ ಹೊರಗೆ ಹೋಗಿ ಇನ್ನೊಬ್ಬ ಒಳಗೆ ಬರುವುದು. ಇದಕ್ಕೆ ಎಲ್ಲರ ಒಪ್ಪಿಗೆ ಬೇಕು. ಹೀಗೆ 'ಯಾರು, ಏನು, ಯಾವಾಗ' ಅಂತ ಬರೆದಿಡಿ.

ಮೂರನೇ ಗುಂಪು, ಅಲಂಕಾರ: ಹಿಯರಿನ್‌ಆಫ್ಟರ್, ವಿಟ್ನೆಸ್ಸೆತ್, ನಲ್ ಅಂಡ್ ವಾಯ್ಡ್. ಕಂಡರೆ ಗುರುತು ಸಿಕ್ಕರೆ ಸಾಕು. ನೀವು ಬರೆಯುವಾಗ ಬಳಸುವ ಅಗತ್ಯವೇ ಇಲ್ಲ. ಜನ ಮೊದಲು ಕಲಿಯುವುದು ಇದನ್ನೇ ಅನ್ನೋದು ಬೇಸರದ ವಿಷಯ. ಕೇಳಲು ಗತ್ತಾಗಿದೆ, ಅಷ್ಟೇ.

'ಅರ್' ಮತ್ತು 'ಈ' ಜೋಡಿಗಳಿಗೆ ಒಂದು ಸೂತ್ರ ಇದೆ. ಕೊಡುವವರು 'ಅರ್', ಪಡೆಯುವವರು 'ಈ'. ಲೆಸ್ಸರ್ ಗುತ್ತಿಗೆಗೆ ಕೊಟ್ಟವರು, ಲೆಸ್ಸೀ ಪಡೆದವರು. ಮಾರ್ಟ್‌ಗೇಜ್ ಬಂದಾಗ ಎಡವುತ್ತಾರೆ. ಬ್ಯಾಂಕ್ ಸಾಲ ಕೊಡುತ್ತದೆ, ಹಾಗಾಗಿ ಬ್ಯಾಂಕೇ ಮಾರ್ಟ್‌ಗೇಜರ್ ಅಂದುಕೊಳ್ಳುತ್ತಾರೆ. ಅಲ್ಲ. ಇಲ್ಲಿ ಕೊಡುತ್ತಿರುವುದು ಸಾಲ ಅಲ್ಲ, ಅಡಮಾನ. ಅಡಮಾನ ಕೊಟ್ಟ ಸಾಲಗಾರ ಮಾರ್ಟ್‌ಗೇಜರ್, ಪಡೆದ ಬ್ಯಾಂಕ್ ಮಾರ್ಟ್‌ಗೇಜೀ.

ಕಾರ್ಡ್ ಮಾಡುವಾಗ ಒಂದು ಕಡೆ ಪದ, ಇನ್ನೊಂದು ಕಡೆ ಅರ್ಥ ಬರೆದರೆ ಅರ್ಧ ಕೆಲಸ ಆದ ಹಾಗೆ. ಪದದ ಜೊತೆಗಾರ ಯಾರು ಅನ್ನೋದು ಬೇಕು. ಅಗ್ರಿಮೆಂಟ್‌ಗೆ 'ಎಂಟರ್ ಇಂಟು', ನೋಟಿಸ್‌ಗೆ 'ಸರ್ವ್', ಹಕ್ಕು ಬಿಟ್ಟುಕೊಡಲು 'ವೇವ್'. ಹಾಗಾಗಿ ಮುಂದಿನ ಕಡೆ ಒಂದು ಪೂರ್ತಿ ವಾಕ್ಯ ಬರೆದು, ನಡುವೆ ಒಂದು ಜಾಗ ಖಾಲಿ ಬಿಡಿ. ಹಿಂದೆ ಉತ್ತರ. ದಿನಕ್ಕೆ ಆರೇಳು ಹೊಸ ಕಾರ್ಡ್ ಮೀರಬೇಡಿ. ಹಳೆಯವು ತಿರುಗಿ ತಿರುಗಿ ಬರುತ್ತಲೇ ಇರುತ್ತವೆ, ಹದಿನೈದು ದಿನದಲ್ಲಿ ಗುಡ್ಡವಾಗುತ್ತದೆ.

ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲಿ ಕಾರ್ಡ್ ಮೇಲೇ ಬರೆದುಕೊಳ್ಳಿ. ಇಂಗ್ಲಿಷ್ ಸ್ಪೆಲಿಂಗ್ ಮೋಸ ಮಾಡುತ್ತದೆ, ನಮ್ಮ ಅಕ್ಷರ ಮಾಡುವುದಿಲ್ಲ. ದೋಷಾರೋಪ ಪಟ್ಟಿಯ ಪದ 'ಇನ್‌ಡೈಟ್‌ಮೆಂಟ್', ನಡುವಿನ 'ಸಿ' ಉಚ್ಚರಿಸುವುದಿಲ್ಲ. ಸಾಕ್ಷಿಗೆ ಕಳಿಸುವ ಸಮನ್ಸ್ 'ಸಪೀನಾ', ಅದರಲ್ಲಿ 'ಬಿ' ಮೌನ. ಸಾಲದ ಪದ 'ಡೆಟ್', ಅದರಲ್ಲೂ 'ಬಿ' ಮೌನ. ಮಾರ್ಟ್‌ಗೇಜ್‌ನಲ್ಲಿ 'ಟಿ' ಕೂಡ ಬಾಯಲ್ಲಿ ಬರುವುದಿಲ್ಲ, 'ಮಾರ್ಗಿಜ್' ಅನ್ನುತ್ತಾರೆ.

ಹಂತ 7: ತೀರ್ಪು ಓದುವುದು

ಮೊದಲ ಪುಟದಿಂದ ಶುರು ಮಾಡಿದರೆ ಎಂಟನೇ ಪುಟದಲ್ಲಿ ನಿದ್ದೆ. ತಂತ್ರ ಬೇರೆ ಇದೆ. ಬ್ರಿಟನ್ ಸುಪ್ರೀಂ ಕೋರ್ಟ್ ತನ್ನ ತೀರ್ಪುಗಳ ಜೊತೆ ಒಂದೆರಡು ಪುಟದ ಪ್ರೆಸ್ ಸಮ್ಮರಿ ಹಾಕುತ್ತದೆ. ಅದನ್ನು ಮೊದಲು ಓದಿ. ಕಥೆ ಏನು, ಪ್ರಶ್ನೆ ಏನು, ಯಾರು ಗೆದ್ದರು ಅಂತ ತಿಳಿಯುತ್ತದೆ. ಆಮೇಲೆ ಮೂಲ ತೀರ್ಪಿಗೆ ಹೋಗಿ, ಪ್ರಶ್ನೆಗೆ ಉತ್ತರ ಕೊಟ್ಟ ಪ್ಯಾರಾಗಳನ್ನು ಮಾತ್ರ ಹುಡುಕಿ ಓದಿ. ಇಂಗ್ಲೆಂಡಿನ ತೀರ್ಪುಗಳು ನ್ಯಾಷನಲ್ ಆರ್ಕೈವ್ಸ್‌ನ 'ಫೈಂಡ್ ಕೇಸ್ ಲಾ' ತಾಣದಲ್ಲಿ 2022ರಿಂದ ಉಚಿತವಾಗಿ ಸಿಗುತ್ತಿವೆ.

ಓದಿದ ಮೇಲೆ ನಾಲ್ಕು ಸಾಲು ಬರೆಯಿರಿ: ಪ್ರಶ್ನೆ, ನಿಯಮ, ಈ ಸಂಗತಿಗೆ ಅದು ಹೇಗೆ ಹೊಂದುತ್ತದೆ, ನಿರ್ಧಾರ. ಕೋರ್ಸ್‌ಗಳಲ್ಲಿ ಇದನ್ನೇ ಐರ್ಯಾಕ್ ಅನ್ನುತ್ತಾರೆ. ಅಭ್ಯಾಸಕ್ಕೆ ಇಂಗ್ಲೆಂಡಿನ 1893ರ ಕಾರ್ಲಿಲ್ ಪ್ರಕರಣ ಚೆನ್ನಾಗಿದೆ. ನಮ್ಮ ಸ್ಮೋಕ್ ಬಾಲ್ ಅನ್ನುವ ಔಷಧ ಬಳಸಿಯೂ ಇನ್‌ಫ್ಲುಯೆಂಜಾ ಬಂದರೆ 100 ಪೌಂಡ್ ಕೊಡುತ್ತೇವೆ, ಅದಕ್ಕೆಂದೇ 1,000 ಪೌಂಡ್ ಬ್ಯಾಂಕಿನಲ್ಲಿಟ್ಟಿದ್ದೇವೆ ಅಂತ ಕಂಪನಿ ಜಾಹೀರಾತು ಹಾಕಿತ್ತು. ಶ್ರೀಮತಿ ಕಾರ್ಲಿಲ್‌ಗೆ ಜ್ವರ ಬಂತು. ಸುಮ್ನೆ ಬಡಾಯಿ ಅಂತ ಕಂಪನಿ ವಾದಿಸಿತು, ಕೋರ್ಟ್ ಒಪ್ಪಲಿಲ್ಲ. ಆಫರ್ (ಪ್ರಸ್ತಾಪ), ಅಕ್ಸೆಪ್ಟೆನ್ಸ್ (ಒಪ್ಪಿಗೆ), ಕನ್ಸಿಡರೇಷನ್ ಮೂರೂ ಪದ ಒಂದೇ ಕಥೆಯಲ್ಲಿ ಸಿಗುತ್ತವೆ. ಇಂಗ್ಲಿಷ್ ಹಳೆಯದು, ಆದರೆ ಕಥೆ ಗೊತ್ತಿರುವುದರಿಂದ ದಾರಿ ತಪ್ಪುವುದಿಲ್ಲ.

ಸಾಮಾನ್ಯ ತಪ್ಪು: ವಕೀಲರ ವಾದವನ್ನು ಕೋರ್ಟ್‌ನ ಮಾತು ಅಂದುಕೊಳ್ಳುವುದು. 'ಇಟ್ ವಾಸ್ ಸಬ್ಮಿಟೆಡ್', 'ಕೌನ್ಸೆಲ್ ಕಂಟೆಂಡೆಡ್' ಅಂತ ಬಂದರೆ ಅದು ವಾದ. 'ವಿ ಹೋಲ್ಡ್', 'ಇನ್ ಮೈ ಜಡ್ಜ್‌ಮೆಂಟ್' ಬಂದರೆ ನ್ಯಾಯಾಧೀಶರು ಮಾತಾಡುತ್ತಿದ್ದಾರೆ. ಎರಡಕ್ಕೂ ಬೇರೆ ಬಣ್ಣ ಹಚ್ಚಿ.

ಹಂತ 8: ಬರೆಯುವುದು

ಕ್ರಮ: ಮೊದಲು ಇಮೇಲ್ ಮತ್ತು ಪತ್ರ, ಆಮೇಲೆ ಒಂದು ಪುಟದ ಸಾರಾಂಶ, ಕೊನೆಗೆ ಕಲಮು. ಕಲಮಿನಿಂದ ಶುರು ಮಾಡಬೇಡಿ. ಪತ್ರ ಬರೆಯಲು ಬಾರದವರು ಬರೆದ ಕಲಮು ಬರೀ ಕಾಪಿ ಪೇಸ್ಟ್ ಆಗಿರುತ್ತದೆ.

ಕಲಮಿಗೆ ಬಂದಾಗ ಮೂರು ಕಟ್ಟುಪಾಡು ಇರಲಿ. ಒಂದು ವಾಕ್ಯಕ್ಕೆ ಒಂದೇ ಕರ್ತವ್ಯ. ಒಂದು ವಸ್ತುವಿಗೆ ಕೊನೆಯವರೆಗೂ ಒಂದೇ ಹೆಸರು: ಒಂದು ಕಡೆ 'ಗೂಡ್ಸ್', ಇನ್ನೊಂದು ಕಡೆ 'ಪ್ರಾಡಕ್ಟ್ಸ್' ಬರೆದರೆ ಅವೆರಡೂ ಬೇರೆ ಬೇರೆ ಅಂತ ಯಾರಾದರೂ ವಾದಿಸುತ್ತಾರೆ. ಪ್ರಬಂಧದಲ್ಲಿ ಪದ ಬದಲಾಯಿಸುವುದು ಚೆಂದ, ಕರಾರಿನಲ್ಲಿ ಅಪಾಯ. ಮೂರನೆಯದು, ಮಾಡುವವರು ಯಾರು ಅಂತ ಬರೆಯಿರಿ. 'ಇಟ್ ಶಲ್ ಬಿ ಎನ್‌ಶೂರ್ಡ್' ಅಂದರೆ ಯಾರು ನೋಡಿಕೊಳ್ಳಬೇಕು?

ಕನ್ನಡದವರಿಗೆ ಬೆನ್ನು ಬಿಡದ ತಪ್ಪು 'ಎ' ಮತ್ತು 'ದಿ'. ಕನ್ನಡದಲ್ಲಿ ಅವು ಇಲ್ಲ, ಹಾಗಾಗಿ ಕೈ ತಪ್ಪಿಹೋಗುತ್ತವೆ. ಮಾತಿನಲ್ಲಿ ನಡೆಯುತ್ತದೆ. ಕರಾರಿನಲ್ಲಿ 'ಎ ನೋಟಿಸ್' ಯಾವುದೋ ಒಂದು ನೋಟಿಸ್, 'ದಿ ನೋಟಿಸ್' ಮೇಲೆ ಹೇಳಿದ ಅದೇ ನೋಟಿಸ್. ಬರೆದು ಮುಗಿಸಿದ ಮೇಲೆ ಬರೀ ಇದಕ್ಕೋಸ್ಕರ ಒಂದು ಸಲ ಓದಿ.

ತಿದ್ದಿ ಬಂದ ಅಸೈನ್‌ಮೆಂಟ್‌ನ ಅಂಕ ನೋಡಿ ಮುಚ್ಚಿಡಬೇಡಿ. ತಪ್ಪಿನ ನೋಟ್‌ಬುಕ್‌ನಲ್ಲಿ ನಾನು ಬರೆದದ್ದು, ಸರಿಯಾದದ್ದು, ಕಾರಣ ಅಂತ ಮೂರು ಅಂಕಣ ಮಾಡಿ ಬರೆಯಿರಿ. ಒಂದು ವಾರ ಬಿಟ್ಟು ಅದೇ ಅಸೈನ್‌ಮೆಂಟನ್ನು ನೋಡದೆ ಮತ್ತೆ ಬರೆಯಿರಿ. ಅದೇ ತಪ್ಪು ಮೂರನೇ ಸಲ ಬಂತಾ? ಹಾಗಾದರೆ ಕೋರ್ಸ್‌ನಲ್ಲಿ ಮುಂದೆ ಹೋಗಬೇಡಿ, ಆ ಪಾಠಕ್ಕೆ ವಾಪಸ್ ಹೋಗಿ.

ಎಐ ಚಾಟ್‌ಬಾಟ್ ಬಳಸುವವರಿಗೆ: 'ಚೆನ್ನಾಗಿ ಬರೆದು ಕೊಡು' ಅನ್ನಬೇಡಿ. 'ತಪ್ಪು ಎಲ್ಲಿದೆ ತೋರಿಸು, ತಿದ್ದಬೇಡ' ಅನ್ನಿ. ತಿದ್ದುವುದು ನಿಮ್ಮ ಕೆಲಸ. ಅದು ಹೇಳಿದ ಪ್ರಕರಣದ ಹೆಸರನ್ನು ಮೂಲದಲ್ಲಿ ನೋಡದೆ ನಂಬಬೇಡಿ. 2023ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ಕೋರ್ಟ್‌ನಲ್ಲಿ ಚಾಟ್‌ಜಿಪಿಟಿ ಹುಟ್ಟುಹಾಕಿದ, ಇಲ್ಲವೇ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ್ದಕ್ಕೆ ಇಬ್ಬರು ವಕೀಲರಿಗೂ ಅವರ ಸಂಸ್ಥೆಗೂ ಸೇರಿ 5,000 ಡಾಲರ್ ದಂಡ ಬಿತ್ತು. ಕಚೇರಿಯ ಅಥವಾ ಕಕ್ಷಿದಾರರ ಗುಟ್ಟಿನ ದಾಖಲೆಯನ್ನು ಅಭ್ಯಾಸಕ್ಕೆ ಅಂತ ಅದರೊಳಗೆ ಹಾಕಲೇಬೇಡಿ.

ಹಂತ 9: ಬಾಯಿ ಬಿಟ್ಟು ಹೇಳುವುದು

ದಿನಾ ಒಂದು ಕಲಮನ್ನು ಕಾನೂನು ಗೊತ್ತಿಲ್ಲದವರಿಗೆ ವಿವರಿಸುವ ಹಾಗೆ, ಸರಳ ಇಂಗ್ಲಿಷಿನಲ್ಲಿ ಎರಡು ನಿಮಿಷ ಮಾತಾಡಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಕೇಳಿಸಿಕೊಳ್ಳಿ. ಎಲ್ಲಿ ತಡವರಿಸಿದಿರೋ ಅಲ್ಲಿ ಅರ್ಥ ಕಚ್ಚಾ ಇದೆ. ಲೈವ್ ಕ್ಲಾಸ್ ಇದ್ದರೆ ಕ್ಯಾಮೆರಾ ಆಫ್ ಮಾಡಿ ಹಿಂದೆ ಕೂರಬೇಡಿ, ಒಂದು ಪ್ರಶ್ನೆಯಾದರೂ ಕೇಳಿ.

ಪ್ರಕರಣದ ಹೆಸರು ಓದುವಾಗ ಒಂದು ಸಣ್ಣ ವಿಷಯ. ಎರಡು ಹೆಸರಿನ ನಡುವಿನ 'ವಿ' ಅಕ್ಷರವನ್ನು ಇಂಗ್ಲೆಂಡಿನ ವಕೀಲರು ಸಿವಿಲ್ ಪ್ರಕರಣದಲ್ಲಿ 'ಅಂಡ್' ಅಂತಲೂ ಕ್ರಿಮಿನಲ್ ಪ್ರಕರಣದಲ್ಲಿ 'ಎಗೇನ್ಸ್ಟ್' ಅಂತಲೂ ಓದುವುದು ವಾಡಿಕೆ. ಅಮೆರಿಕದಲ್ಲಿ 'ವರ್ಸಸ್' ಅಥವಾ ಬರೀ 'ವಿ'.

ಹಂತ 10: ಎಲ್ಲಿ ನಿಂತಿದ್ದೀರಿ ಅಂತ ನೋಡಿಕೊಳ್ಳುವುದು

ಮೂರು ವಾರಕ್ಕೊಮ್ಮೆ, ಪ್ರಿಂಟ್ ತೆಗೆದ ಕರಾರಿನಿಂದ ಇನ್ನೂ ಓದದ ಒಂದು ಪುಟ ತೆಗೆಯಿರಿ. ಟೈಮರ್ ಇಟ್ಟು, ಯಾರು ಯಾರಿಗೆ ಏನು ಮಾಡಬೇಕು, ಯಾವಾಗ, ಮಾಡದಿದ್ದರೆ ಏನು ಅಂತ ಕನ್ನಡದಲ್ಲಿ ಬರೆಯಿರಿ. ಹಿಂದಿನ ಸಲಕ್ಕಿಂತ ಸಮಯ ಕಡಿಮೆಯಾಗಬೇಕು, ಡಿಕ್ಷನರಿ ತೆಗೆಯುವುದೂ ಕಡಿಮೆಯಾಗಬೇಕು.

ದಾರಿ ತಪ್ಪಿದ್ದೀರಿ ಅನ್ನುವ ಗುರುತುಗಳು ಹೀಗಿರುತ್ತವೆ. ಪ್ರೋಗ್ರೆಸ್ ಬಾರ್ ನೂರಕ್ಕೆ 60 ದಾಟಿದೆ, ನೀವು ಬರೆದದ್ದು ಮಾತ್ರ ಎರಡೇ ಪುಟ. ವಿಡಿಯೊವನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸುತ್ತಿದ್ದೀರಿ. ನೋಟ್‌ಬುಕ್ ತುಂಬಾ ಪದ ಇವೆ, ವಾಕ್ಯ ಇಲ್ಲ. ಇವುಗಳಲ್ಲಿ ಎರಡು ನಿಮಗೆ ಹೊಂದಿದರೆ ಹೊಸ ಪಾಠ ನಿಲ್ಲಿಸಿ, ಒಂದು ವಾರ ಬರೀ ಹಂತ 4 ಮಾಡಿ. ಹಿಂದೆ ಬಿದ್ದೆ ಅಂತ ಹೊಸ ಕೋರ್ಸ್ ಕೊಳ್ಳುವುದು ಬೇಡ. ಅದು ಕೂಡ ಇದೇ ಜಾಗದಲ್ಲಿ ನಿಲ್ಲುತ್ತದೆ.

ಹಂತ 11: ಕೋರ್ಸ್ ಮುಗಿಯುವ ಮುಂಚೆ

ಆಕ್ಸೆಸ್ ಯಾವ ದಿನ ಮುಗಿಯುತ್ತದೆ ಅಂತ ಸೇರಿದ ದಿನವೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಅದಕ್ಕೆ ಎರಡು ವಾರ ಮುಂಚೆ ಪಠ್ಯದ ಪಿಡಿಎಫ್‌ಗಳು, ತಿದ್ದಿ ಬಂದ ಅಸೈನ್‌ಮೆಂಟ್‌ಗಳು, ಬೋಧಕರ ಟಿಪ್ಪಣಿಗಳು ಎಲ್ಲವನ್ನೂ ಇಳಿಸಿಕೊಳ್ಳಿ. ಡೌನ್‌ಲೋಡ್‌ಗೆ ಬಿಡದಿದ್ದರೆ ಟಿಪ್ಪಣಿಗಳನ್ನಾದರೂ ಕೈಯಲ್ಲಿ ಬರೆದುಕೊಳ್ಳಿ. ಎಷ್ಟೋ ಜನ ಸರ್ಟಿಫಿಕೇಟ್ ಇಳಿಸಿಕೊಂಡು ಇವನ್ನು ಬಿಟ್ಟುಬಿಡುತ್ತಾರೆ.

ಕೆಲಸಕ್ಕೆ ಅರ್ಜಿ ಹಾಕುವವರು ರೆಸ್ಯೂಮೆಯಲ್ಲಿ ಕೋರ್ಸ್‌ನ ಹೆಸರಿನ ಕೆಳಗೆ ನೀವು ಏನು ಮಾಡಬಲ್ಲಿರಿ ಅಂತ ಒಂದು ಸಾಲು ಬರೆಯಿರಿ, ಉದಾಹರಣೆಗೆ ಸೇವಾ ಒಪ್ಪಂದ ಓದಿ ಒಂದು ಪುಟದ ಸಾರಾಂಶ ಮಾಡುವುದು. ನಿಮ್ಮ ಅತ್ಯುತ್ತಮ ಎರಡು ಬರಹಗಳನ್ನು, ಹೆಸರುಗಳನ್ನು ಬದಲಾಯಿಸಿ, ಮಾದರಿಯಾಗಿ ಇಟ್ಟುಕೊಳ್ಳಿ. ತಿಂಗಳ ಚಂದಾ ಕಟ್ಟುವ ವೇದಿಕೆಯಾದರೆ ಸರ್ಟಿಫಿಕೇಟ್ ಬಂದ ದಿನವೇ ಆಟೊ ರಿನ್ಯೂವಲ್ ಆಫ್ ಮಾಡಿ. ಅದರ ಷರತ್ತುಗಳ ಪುಟವನ್ನು ಈಗ ನೀವೇ ಬಿಡಿಸಿ ಓದಬಹುದು, ಅಲ್ವಾ? ರದ್ದು ಮಾಡಲು ಎಷ್ಟು ದಿನ ಮುಂಚೆ ತಿಳಿಸಬೇಕು ಅಂತ ಅದರಲ್ಲೇ ಇರುತ್ತದೆ.